ಬೆಲ್ಲದ ಚಹಾ ಮತ್ತು ಇಟ್ಟಿಗೆ ಕೆಂಪು

ಎಪ್ಪತ್ತರ ದಶಕದ ಕೊನೆ. ಗಂಗಾನಗರದ ಬಾಡಿಗೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಹೆಬ್ಬಾಳದ ಆಫೀಸೊಂದರಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತೆಂದು ಧಾರವಾಡದ ಕಡೆಯಿಂದ ಬಂದವರು. ಹೊಸ ಚಪ್ಪಲಿ ಕಚ್ಚಿ ಅವ್ವನ ಕಾಲಿನ ಹೆಬ್ಬೆರಳ ಮೇಲಾದ ಹುಣ್ಣು ತಿಂಗಳಾದರೂ ಮಾಯಲಿಲ್ಲ. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಜೀವಕೋಶದೊಳಗೆ ಹೋಗಬೇಕಾದ ಸಕ್ಕರೆ ರಕ್ತದಲ್ಲೇ ನಿಂತಿದೆ, ಅದಕ್ಕೇ ಚರ್ಮ ಕೂಡಿಕೊಳ್ಳುತ್ತಿಲ್ಲ, ಮೂರು ವಾರದಲ್ಲಿ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಎಚ್ಚರಿಸಿದರು. ಮಾತ್ರೆ ಬರೆದರು. ಸಕ್ಕರೆ ಪೂರ್ತಿ ಬಂದ್.

ಆಗೆಲ್ಲ ಮೂತ್ರ ಪರೀಕ್ಷೆ ಮನೆಯಲ್ಲೇ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯೇ ಉಳಿದರೆ ಬದುಕಿದೆವು; ಸಕ್ಕರೆ ಹೆಚ್ಚಿದಂತೆ ಹಸಿರು, ಹಳದಿ, ಕೊನೆಗೆ ಕೆಂಪು. ನಮ್ಮದು ದಿನವೂ ಇಟ್ಟಿಗೆ ಕೆಂಪು.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಸಕ್ಕರೆ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಆಫೀಸಿಗೆ ಒಯ್ಯುತ್ತಿದ್ದೆ. ಆದರೂ ಕೆಂಪು! ಯಾರ ಮನೆಯಲ್ಲಿ ಏನು ತಿಂದು ಬಂದೆ ಎಂದು ಬೆಳಗಾದರೆ ಅವ್ವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಇಲ್ಲವ್ವಾ, ಏನೂ ತಿಂದಿಲ್ಲ ಅನ್ನುತ್ತಿದ್ದಳು. ನಾನು ನಂಬಲಿಲ್ಲ. ಹುಣ್ಣಿನ ಅಂಚು ಕಪ್ಪಾಗುತ್ತಿತ್ತು.

ಮೂರನೇ ವಾರ ಡಾಕ್ಟರ ಮುಂದೆ ಅವ್ವನ ಮೇಲೆ ದೂರು ಹೇಳಿದೆ. ಅವರು ದಿನಕ್ಕೆ ಏನೇನು ಕೊಡುತ್ತೀರಿ ಎಂದು ಕೇಳಿದರು. ರೊಟ್ಟಿ, ಪಲ್ಯ ಎಂದೆ. ಚಹಾಕ್ಕೆ ಒಂದು ಹರಳು ಸಕ್ಕರೆಯನ್ನೂ ಹಾಕುವುದಿಲ್ಲ, ನಾಲ್ಕು ಹೊತ್ತೂ ಬೆಲ್ಲದ್ದೇ ಮಾಡುತ್ತೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ. ದಣಿದು ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಡುವ ಸೀಮೆಯವರು ನಾವು. ಬೆಲ್ಲದಿಂದ ಯಾರಿಗಾದರೂ ಕೆಟ್ಟದಾದೀತೆಂದು ಕನಸಿನಲ್ಲೂ ಎಣಿಸಿದವರಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಬೆಲ್ಲಾನೂ ಸಕ್ಕರೆನೇ ಕಣ್ರೀ. ನೀವೇ ಕೈಯಾರೆ ಕೊಟ್ಟಿದ್ದೀರಿ. ಅದು ಸಾಲ್ದು ಅಂತ ದಿನಾ ಬೈದು ಹೆದರ್ಸಿದ್ದೀರಿ. ಹೆದರಿಕೆಗೂ ಸಕ್ಕರೆ ಏರತ್ತೆ."

ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ದಾರಿಯಲ್ಲಿ ಅವ್ವ, ತನಗೂ ಗೊತ್ತಿರಲಿಲ್ಲವೆಂದು ನನಗೇ ಸಮಾಧಾನ ಹೇಳಿದಳು.

ಮರುವಾರ ಬೆರಳು ತೆಗೆದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ನಳಿಗೆಯಲ್ಲಿ ಕೆಂಪು ಬರಲಿಲ್ಲ, ತಿಳಿ ಹಸಿರು ಬಂತು. ಓಡಿ ಹೋಗಿ ತೋರಿಸಿದೆ. ಬ್ಯಾಂಡೇಜು ಸುತ್ತಿದ ಕಾಲು ಚಾಚಿ ಕೂತಿದ್ದ ಅವ್ವ ನಳಿಗೆಯನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದಳು.

"ಇವತ್ತ ಬೈಯೂದಿಲ್ಲಲ್ಲ?" ಎಂದು ಕೇಳಿದಳು.