ಬಣ್ಣದಣ್ಣ ಒಳಗೇ ಇಟ್ಟುಕೊಂಡದ್ದು

ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಬಣ್ಣದಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಕುದಿಯುವ ತೊಟ್ಟಿಗಳ ಮುಂದೆ ನಿಂತವನು. ಯಾರಾದರೂ ಒಂದು ಬಟ್ಟೆ ಚೂರು ತಂದು ತೋರಿಸಿದರೆ ಸಾಕು, ಯಾವ ಪುಡಿ ಎಷ್ಟು ಬೇಕು ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದ. ಅವನ ಉಗುರಿನ ಸಂದಿಯ ಬಣ್ಣ ಮದುವೆಯ ದಿನವೂ ಹೋಗಿರಲಿಲ್ಲ ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಿದ್ದಳು.

ಮೈಗೆ ಏನು ಬಂದರೂ ಅದು ಬಂದ ದಾರಿಯಲ್ಲೇ ಹೋಗುತ್ತದೆ ಎಂದು ನಂಬಿದವನು ಅವನು. ಬೀದಿಯ ಮೂಲೆಯಲ್ಲಿದ್ದ ಡಾಕ್ಟ್ರಮ್ಮನ ಹತ್ತಿರ ಹೆಂಡತಿಯನ್ನು, ಇಬ್ಬರು ಹೆಣ್ಣುಮಕ್ಕಳನ್ನು, ಕೊನೆಗಾಲದಲ್ಲಿ ತಾಯಿಯನ್ನೂ ಎಷ್ಟೋ ಸಲ ಕರೆದುಕೊಂಡು ಹೋಗಿದ್ದ. ರೋಗಿಗಳ ಸ್ಟೂಲಿನ ಮೇಲೆ ಮಾತ್ರ ಒಂದು ದಿನವೂ ಕೂತವನಲ್ಲ. ಬಾಗಿಲ ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದ. "ನಿಮ್ಮ ಬಿಪಿನೂ ಒಂದ್ಸಲ ನೋಡ್ಲಾ?" ಎಂದು ಡಾಕ್ಟ್ರಮ್ಮ ಕೇಳಿದಾಗಲೆಲ್ಲ, "ನಾನು ಗುಂಡುಕಲ್ಲಿನ ಹಾಗಿದ್ದೀನಿ, ನಿಮ್ಮ ಮಿಷಿನ್ನೇ ಕೆಟ್ಟುಹೋದೀತು" ಎಂದು ತೇಲಿಸಿಬಿಡುತ್ತಿದ್ದ.

ಒಂದು ಮಂಗಳವಾರ ಮಧ್ಯಾಹ್ನ, ಕಾರ್ಖಾನೆಯ ಶೌಚಾಲಯದಲ್ಲಿ, ಮೂತ್ರ ಕೆಂಪಗೆ ಹೋಯಿತು. ನೋವಿಲ್ಲ, ಉರಿಯಿಲ್ಲ. ಬೆಳಗ್ಗೆಯಿಂದ ಕೆಂಪು ತೊಟ್ಟಿಯ ಹತ್ತಿರವೇ ಇದ್ದುದರಿಂದ ಕೈಯಿಂದಲೋ ಬಟ್ಟೆಯಿಂದಲೋ ಬಣ್ಣ ಸೋರಿರಬೇಕು ಅಂದುಕೊಂಡ. ನೀರು ಸುರಿದು ಕೆಲಸಕ್ಕೆ ಮರಳಿದ. ಮಾರನೆಯ ದಿನ ಎಲ್ಲ ತಿಳಿಯಾಗಿತ್ತು. ಎರಡು ತಿಂಗಳು ಏನೂ ಇಲ್ಲ.

ಮತ್ತೆ ಕಂಡದ್ದು ಮನೆಯಲ್ಲಿ. ಬಾಯ್ಲರ್ ರಿಪೇರಿಗೆಂದು ಕಾರ್ಖಾನೆ ನಾಲ್ಕು ದಿನ ಮುಚ್ಚಿತ್ತು, ಅವತ್ತು ಮೂರನೆಯ ದಿನ. ದೂರಲು ಈ ಸಲ ತೊಟ್ಟಿ ಇರಲಿಲ್ಲ. ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಇದ್ದ.

"ರೀ, ಒಳಗೇ ನಿದ್ದೆ ಹೋದ್ರಾ?" ಹೊರಗಿನಿಂದ ಹೆಂಡತಿ ಕೂಗಿದಳು.

"ಬಂದೆ, ಬಂದೆ."

ಮೈಯಲ್ಲಿ ಉಷ್ಣ ಜಾಸ್ತಿಯಾಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಚೊಂಬುಗಟ್ಟಲೆ ನೀರು ಕುಡಿಯತೊಡಗಿದ. ಡಾಕ್ಟ್ರಮ್ಮನ ಹತ್ತಿರ ಹೋಗೋಣವೆಂದು ಒಂದು ಸಂಜೆ ಕ್ಲಿನಿಕ್ಕಿನ ಮೆಟ್ಟಿಲವರೆಗೂ ನಡೆದ. ತನಗಿಂತ ಹತ್ತು ವರ್ಷ ಚಿಕ್ಕ ಹೆಂಗಸಿನ ಮುಂದೆ ಇಂಥದ್ದನ್ನು ಯಾವ ಬಾಯಲ್ಲಿ ಹೇಳುವುದು? ಯಾರೋ ಪರಿಚಯದವರು ನೋಡಿ ನಕ್ಕರು. ಅವನೂ ನಕ್ಕು, ಯಾವುದೋ ಕೆಲಸ ನೆನಪಾದವನಂತೆ ಹಿಂದಿರುಗಿದ.

ಕಾರ್ಖಾನೆಯಲ್ಲಿ ಬಣ್ಣದ ಪುಡಿ ತೂಗುತ್ತಿದ್ದ ಗೆಳೆಯನೊಬ್ಬನಿದ್ದ. ತಕ್ಕಡಿ ಎಂದು ಅವನ ಅಡ್ಡಹೆಸರು. ಹುಷಾರಿಲ್ಲವೆಂದು ನಾಲ್ಕು ತಿಂಗಳಿಂದ ಕೆಲಸಕ್ಕೆ ಬಂದಿರಲಿಲ್ಲ. ಅವನ ಬಟ್ಟೆ, ಚಪ್ಪಲಿ, ಊಟದ ಡಬ್ಬಿ ಒಯ್ಯಲು ಒಂದು ದಿನ ಅವನ ಹೆಂಡತಿ ಬಂದಳು. ಬಣ್ಣದಣ್ಣನೇ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಟ್ಟ.

"ಹೋದ ವರ್ಷವೇ ಒಂದಕ್ಕೆ ಹೋದಾಗ ರಕ್ತ ಹೋಗಿತ್ತಂತೆ ಅಣ್ಣ. ನನಗೊಂದು ಮಾತು ಹೇಳ್ಲಿಲ್ಲ. ಉಷ್ಣ ಅಂದ್ಕೊಂಡ್ರಂತೆ. ಈಗ ಆಸ್ಪತ್ರೆಯವರು ಮನೆಗೇ ಕರ್ಕೊಂಡು ಹೋಗಿ ಅಂದ್ಬಿಟ್ರು."

ಬಣ್ಣದಣ್ಣ ಆ ಚೀಲವನ್ನು ತಾನೇ ಎತ್ತಿಕೊಂಡ. ಗೇಟಿನವರೆಗೆ ಅವಳ ಜೊತೆ ನಡೆದದ್ದು ಹೇಗೆಂಬುದು ಆಮೇಲೆ ಅವನಿಗೆ ನೆನಪಿರಲಿಲ್ಲ.

ಅದೇ ವಾರ ಹೆಂಡತಿಯ ಸಕ್ಕರೆ ಕಾಯಿಲೆಯ ತಪಾಸಣೆ ಇತ್ತು. ರಕ್ತ ಕೊಡಲು ಅವಳು ಪಕ್ಕದ ಕೋಣೆಗೆ ಹೋದದ್ದೇ ತಡ, ಬಣ್ಣದಣ್ಣ ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟ. ಡಾಕ್ಟ್ರಮ್ಮ ತಲೆ ಎತ್ತಿ ನೋಡಿದರು.

"ಸೊಂಟ ನೋವು," ಅಂದ.

"ಎಲ್ಲಿ ತೋರಿಸಿ."

ಎಲ್ಲಿ ತೋರಿಸುವುದು? ಅವನ ಕೈ ಮೇಲೇಳಲಿಲ್ಲ. ಆಕೆ ಅವಸರ ಮಾಡಲಿಲ್ಲ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತರು.

"ರಕ್ತ ಹೋಗುತ್ತೆ," ಅಂದ, ನೆಲ ನೋಡುತ್ತ. "ಮುಂದಿನಿಂದ. ಮೂರು ಸಲ."

"ನೋವು ಇತ್ತಾ?"

"ಇಲ್ಲ."

"ಬಣ್ಣ ಹೇಗಿತ್ತು?"

ಇದೊಂದು ಪ್ರಶ್ನೆಗೆ ಅವನಿಗೆ ನಾಚಿಕೆಯಾಗಲಿಲ್ಲ. "ಮೊದಲನೇ ಸಲ ದಾಳಿಂಬೆ ಕಾಳಿನ ಬಣ್ಣ ಡಾಕ್ಟ್ರಮ್ಮ, ತಿಳಿ. ಎರಡನೇ ಸಲ ಒಂದು ಪಟ್ಟು ಗಾಢ. ಮೊನ್ನೆ ಇಟ್ಟಿಗೆ ಪುಡಿ ಕಲಸಿದ ಹಾಗೆ, ತಳದಲ್ಲಿ ಗಸಿ ಇತ್ತು."

ಡಾಕ್ಟ್ರಮ್ಮ ಬರೆಯುವುದನ್ನು ನಿಲ್ಲಿಸಿದರು. ಮತ್ತೆ ಬರೆಯತೊಡಗಿದಾಗ ಅದು ದೊಡ್ಡಾಸ್ಪತ್ರೆಗೆ ಕೊಡುವ ಚೀಟಿಯಾಗಿತ್ತು. "ನಾಳೆ ಬೆಳಗ್ಗೆನೇ ಹೋಗಿ. ನಾಡಿದ್ದು ಅನ್ಬೇಡಿ."

ಬೆರಳಿಗೆ ಹತ್ತಿ ಒತ್ತಿಕೊಂಡು ಬಂದ ಹೆಂಡತಿ ಸ್ಟೂಲಿನ ಮೇಲಿದ್ದ ಗಂಡನನ್ನು ನೋಡಿ ಬಾಗಿಲಲ್ಲೇ ನಿಂತಳು. ಅವನೇ ಹೇಳಿದ. ದಾರಿಯುದ್ದಕ್ಕೂ ಅವಳು ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆಯ ಬೀಗ ತೆಗೆಯುವಾಗ, "ನನ್ನ ಕಾಲು ಉಳುಕಿದ್ರೂ ಬೀದಿಗೆಲ್ಲ ಕೇಳೋ ಹಾಗೆ ಓಡಾಡ್ತೀರಿ. ನಾನೇನು ಈ ಮನೇಲಿ ನೆಂಟಳಾ?" ಅಂದಳು.

ದೊಡ್ಡಾಸ್ಪತ್ರೆಯಲ್ಲಿ ನೋಡಿದಾಗ ಮೂತ್ರಕೋಶದಲ್ಲಿ ಹೆಬ್ಬೆರಳ ತುದಿಯಷ್ಟು ಗಡ್ಡೆ ಸಿಕ್ಕಿತು. ಕೊಳವೆ ಹಾಕಿ ಕೆರೆದು ತೆಗೆದರು. ಆಳಕ್ಕೆ ಇಳಿದಿಲ್ಲ, ಆದರೆ ಇದು ಮತ್ತೆ ಬರುವ ಜಾತಿಯದು, ಮೂರು ತಿಂಗಳಿಗೊಮ್ಮೆ ನೋಡಲೇಬೇಕು ಅಂದರು. ಮುಂದೆ ನಾಲ್ಕು ವರ್ಷಗಳಲ್ಲಿ ಅದು ಎರಡು ಸಲ ಬಂತು, ಎರಡು ಸಲವೂ ಸಣ್ಣದಿರುವಾಗಲೇ ಕೈಗೆ ಸಿಕ್ಕಿತು. ಅವನು ಮೊದಲ ಸಲ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ತಕ್ಕಡಿ ತೀರಿಹೋದ.

ಆ ಮೊದಲ ಸಲದ್ದು ಹೊಲಿಗೆ ಇಲ್ಲದ ಆಪರೇಷನ್ನು, ಹತ್ತು ದಿನಕ್ಕೇ ಬಣ್ಣದಣ್ಣ ಓಡಾಡತೊಡಗಿದ. ಡಾಕ್ಟ್ರಮ್ಮ ರಿಪೋರ್ಟು ಓದಿ, ತಕ್ಕಡಿಯ ವಿಷಯವನ್ನೂ ಅವನಿಂದ ಕೇಳಿ, "ಮೊದಲು ನಿಮ್ಮ ಗೆಳೆಯ, ಈಗ ನೀವು. ಆ ಕಾರ್ಖಾನೇಲಿ ಇನ್ನೂ ಎಷ್ಟು ಜನ ಇದ್ದಾರೆ?" ಎಂದು ಕೇಳಿದರು.

"ಒಂಬತ್ತು ಜನ."

"ಒಬ್ಬೊಬ್ಬರನ್ನೂ ಕಳಿಸಿ. ಅದೇ ಪುಡಿಯ ಧೂಳು ತಾನೆ ಎಲ್ಲರೂ ಕುಡಿದಿರೋದು."

ಊಟದ ಹೊತ್ತಿಗೆ ಕಾರ್ಖಾನೆಗೆ ಹೋಗಿ, ಎಲ್ಲರೂ ಸುತ್ತ ಕೂತಿದ್ದಾಗ, ಒಂದನ್ನೂ ಮುಚ್ಚಿಡದೆ ಹೇಳಿದ. ಯಾರೂ ಕಣ್ಣಿಗೆ ಕಣ್ಣು ಕೊಟ್ಟು ನೋಡಲಿಲ್ಲ. ಕೊನೆಗೆ ಮೇಸ್ತ್ರಿ, ಎಲ್ಲರಿಗಿಂತ ಹಿರಿಯ, ಎಲ್ಲರನ್ನೂ ನಗಿಸುವವನು, "ಅಲ್ಲಯ್ಯಾ, ನಿನಗೊಂದು ಗಡ್ಡೆ ಎದ್ದಿದ್ದಕ್ಕೆ ನಮ್ಮನ್ನೆಲ್ಲ ಶೀಶೆ ಹಿಡ್ಕೊಂಡು ಸಾಲಾಗಿ ನಿಲ್ಲಿಸ್ತೀಯಾ?" ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆರು ತಿಂಗಳ ಹಿಂದಾಗಿದ್ದರೆ ಬಣ್ಣದಣ್ಣನೂ ನಗುತ್ತಿದ್ದ.

ಆದರೂ ಮೂರು ವಾರದಲ್ಲಿ ಒಬ್ಬೊಬ್ಬರಾಗಿ, ಪರಸ್ಪರ ಹೇಳಿಕೊಳ್ಳದೆ, ಎಂಟು ಜನ ಹೋಗಿ ಬಂದರು. ಮೂವರ ಮೂತ್ರದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವಿತ್ತು. ಹೋಗದೆ ಉಳಿದವನು ಮೇಸ್ತ್ರಿ ಒಬ್ಬನೇ.

ಒಂದು ಭಾನುವಾರ ಸಂಜೆ ಅವನು ಬಣ್ಣದಣ್ಣನ ಮನೆಗೆ ಬಂದ. ಹಿಂದೆಂದೂ ಬಂದವನಲ್ಲ. ಟೀ ಕುಡಿದ. ಹೊಸ ಬಾಯ್ಲರಿನ ಮಾತಾಡಿದ, ಅಳಿಯನ ಮಾತಾಡಿದ. ಏಳುವ ಹೊತ್ತಿಗೆ ಲೋಟವನ್ನು ನೋಡುತ್ತ, "ಆ ಡಾಕ್ಟ್ರಮ್ಮ ಎಷ್ಟು ಗಂಟೆಗೆ ಬಾಗಿಲು ತೆಗೀತಾರೆ?" ಅಂದ.

"ಎಂಟಕ್ಕೆ. ನಾನೂ ಜೊತೆಗೆ ಬರ್ತೀನಿ."

ಬೆಳಗ್ಗೆ ಇಬ್ಬರೂ ಹೋದರು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತ. ಎಷ್ಟು ದಿನದಿಂದ ಎಂದು ಡಾಕ್ಟ್ರಮ್ಮ ಕೇಳಿದಾಗ ಬಾಯಲ್ಲಿ ಹೇಳದೆ ಎರಡು ಬೆರಳು ಎತ್ತಿ ತೋರಿಸಿದ.

"ಎರಡು ತಿಂಗಳಾ?"

ಮೇಸ್ತ್ರಿ ಅಲ್ಲವೆಂದು ತಲೆಯಾಡಿಸಿದ. "ವರ್ಷ," ಅಂದ, ಬೆರಳು ಹಾಗೇ ಎತ್ತಿಕೊಂಡು.