ಎದುರು ಪುಟದ ಚಿತ್ರಕ್ಕೊಂದು ವಿವರಣೆ

ಕಣ್ಣು ಕಾಣದವರೂ ಯಾರ ಮುಂದೆಯೂ ಕೈಯೊಡ್ಡದೆ ಕಂಪ್ಯೂಟರ್ ಬಳಸುವಂತಾಗಬೇಕೆಂಬ ಹಟ ತೊಟ್ಟು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ಕಾರ್ಯಾಚರಣ ವ್ಯವಸ್ಥೆಗೆ ಮಾತು ಕಲಿಸಿದವರ ಸಾಲಿನಲ್ಲಿ ನಮ್ಮ ಅಕ್ಕನವರದು ಮೊದಲ ಪಂಕ್ತಿ. ಅಂಧರ ತರಬೇತಿ ಕೇಂದ್ರದ ಶಿಕ್ಷಕಿಯಾಗಿ ಅವರೀಗ ನಿವೃತ್ತರಾಗುತ್ತಿದ್ದಾರೆ. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಅವರನ್ನು ವಯಸ್ಸಿನಲ್ಲಿ ಹಿರಿಯರಾದವರೂ ಅಕ್ಕ ಎಂದೇ ಕರೆಯುತ್ತಾರೆ. ಅದೇ ಕೇಂದ್ರದಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತ ಅವರ ಸ್ವಯಂಸೇವಕ ಬಳಗ ಸೇರಿದ ನಾನು, ಇಂಥವರ ಬಗ್ಗೆ ಬರೆಯುವಾಗ ಎದೆಯುಬ್ಬಿಸಬೇಕಿತ್ತು. ಆದರೆ ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದೇನೆ.

ಪಾಠ ಮುಗಿದ ಮೇಲೆ ಕೇಂದ್ರದ ಹಿಂದಿನ ಕೋಣೆಯಲ್ಲಿ ನಮ್ಮ ಕೆಲಸ ಶುರುವಾಗುತ್ತಿತ್ತು. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಅಕ್ಕ ಒಂದು ಕಿವಿಯಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಇನ್ನೊಂದು ಕಿವಿ ನಮಗೆ ಮೀಸಲು. ಪರದೆಯ ಮೇಲಿನ ಹೆಸರಿಡದ ಗುಂಡಿಗಳ ಮುಂದೆ ಆ ಧ್ವನಿ "ಗುಂಡಿ, ಗುಂಡಿ, ಗುಂಡಿ" ಎಂದು ಜಪ ಮಾಡುತ್ತಿತ್ತು. ಒಂದೊಂದಕ್ಕೂ ಹೆಸರು ಬರೆಯುವುದು ನಮ್ಮ ಪಾಲಿನ ಸೇವೆ. ಒಮ್ಮೆ ನಮ್ಮವರೊಬ್ಬರು ಗುಂಡಿಯೊಂದಕ್ಕೆ ಏನು ಬರೆಯಬೇಕೆಂದು ತೋಚದೆ 'ಸುಂದರ ಚಿತ್ರ' ಎಂದು ಬರೆದುಬಿಟ್ಟರು. ಅಕ್ಕ ಅದನ್ನು ಒತ್ತಿದರು. ಯಂತ್ರ ಆರಿಹೋಯಿತು.

"ಸುಂದರವಾಗೇ ಹೋಯ್ತಪ್ಪ ಪ್ರಾಣ," ಎಂದು ನಕ್ಕರು. ಆಮೇಲೆ ಗಂಭೀರವಾದರು. "ನನಗೆ ಖುಷಿಯಾಗ್ಲಿ ಅಂತ ಬರೀಬೇಡಿ. ಅಲ್ಲಿ ಏನಿದ್ಯೋ ಅದನ್ನ ಬರೀರಿ."

ಬಳಗಕ್ಕೆ ಅಂದಿನಿಂದ ಅದೇ ದೀಕ್ಷೆಯ ಮಾತಾಯಿತು.

ಅವರ ಸಹನೆಯನ್ನು ನೆನೆದರೆ ಕೈ ತಾನಾಗಿ ಮುಗಿಯುತ್ತದೆ. ಇಳಿವಯಸ್ಸಿನಲ್ಲಿ ಕಣ್ಣು ಕಳೆದುಕೊಂಡ ನಿವೃತ್ತ ಗುಮಾಸ್ತರೊಬ್ಬರ ಯಂತ್ರ, ನಾವು ಹೊರತಂದ ತಂತ್ರಾಂಶದ ಹೊಸ ಆವೃತ್ತಿ ಹಾಕಿಕೊಂಡೊಡನೆ ಮೂಕವಾಯಿತು. ಅವರು ಫೋನಿನಲ್ಲಿ ಕೂಗಾಡಿದರು. ತಪ್ಪು ನಮ್ಮದು, ಬೈಗುಳ ತಿಂದವರು ಅಕ್ಕ. "ಬೈರಿ ತಾತ, ಪರವಾಗಿಲ್ಲ. ಆದ್ರೆ ಕೀಲಿಗಳನ್ನ ಮಾತ್ರ ಗುದ್ದಬೇಡಿ, ಅವೇನು ಮಾಡಿದ್ವು ಪಾಪ?" ಎನ್ನುತ್ತ, ಒಂದೊಂದೇ ಕೀಲಿ ಹೇಳಿಕೊಟ್ಟು, ಸಂಜೆಯಾಗುವಷ್ಟರಲ್ಲಿ ಆ ಯಂತ್ರಕ್ಕೆ ಮತ್ತೆ ಬಾಯಿ ಬರಿಸಿದರು.

ಇನ್ನು ನಾಚಿಕೆಯ ವಿಷಯ. ಅಕ್ಕನವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟ ಧ್ವನಿಯಲ್ಲೂ ಓದಿಸಿಕೊಳ್ಳುವಂತಿರಬೇಕಾದ್ದರಿಂದ ಪ್ರತಿ ಚಿತ್ರಕ್ಕೂ ವಿವರಣೆ ಬೇಕಿತ್ತು. ಆ ಹೊಣೆ ನನ್ನದಾಯಿತು. ಹೊಸ ಆವೃತ್ತಿ ಹೊರಬಂದ ದಿನಗಳಲ್ಲೆಲ್ಲ ಬಳಗದ ಫೋಟೋ ತೆಗೆಯುವ ವಾಡಿಕೆ ನಮ್ಮದು. ಕ್ಯಾಮೆರಾವನ್ನು ಕಪಾಟಿನ ಮೇಲಿಟ್ಟು, ತಾನೇ ಕ್ಲಿಕ್ಕಾಗುವಂತೆ ಸಮಯ ಹೊಂದಿಸಿ, ಓಡಿ ಬಂದು ಕೂರುತ್ತಿದ್ದೆವು. ಆ ಫೋಟೋಗಳನ್ನೆಲ್ಲ ಮೇಜಿನ ಮೇಲೆ ಹರಡಿ, ವಿವರಿಸಬೇಕೆಂದು ಮೊದಲ ಸಲ ಸಾವಧಾನವಾಗಿ ನೋಡಿದೆ. ಎಲ್ಲದರಲ್ಲೂ ನಾವು ಕ್ಯಾಮೆರಾ ಕಡೆ ಹಲ್ಲು ಕಿರಿಯುತ್ತಿದ್ದೇವೆ. ನಡುವೆ ಕೂತ ಅಕ್ಕ ಮಾತ್ರ, ಕೊನೆಗೆ ಓಡಿ ಬಂದವರ ಹೆಜ್ಜೆ ಸದ್ದಿನತ್ತ ಮುಖ ಮಾಡಿ, ಗೋಡೆಗೆ ನಗು ಚೆಲ್ಲುತ್ತಿದ್ದಾರೆ. ಅಷ್ಟು ವರ್ಷಗಳಲ್ಲಿ ಒಬ್ಬರಾದರೂ "ಅಕ್ಕಾ, ಕ್ಯಾಮೆರಾ ಈ ಕಡೆ" ಎಂದಿರಲಿಲ್ಲ.

ಅವುಗಳಲ್ಲಿ ಗ್ರಂಥಕ್ಕೆಂದು ಆರಿಸಿದ್ದ ಒಂದನ್ನು ಸಂಪಾದಕರಿಗೆ ತೋರಿಸಿದೆ. ಅವರೂ ಬಹಳ ಹೊತ್ತು ನೋಡಿದರು.

"ಅಭಿನಂದನ ಗ್ರಂಥ ಕಣಯ್ಯ ಇದು. 'ಬಳಗದ ನಡುವೆ ಹಸನ್ಮುಖಿ ಅಕ್ಕ' ಅಂತ ಹಾಕಿಬಿಡು. ಸುಳ್ಳೇನಲ್ವಲ್ಲ?"

ಸುಳ್ಳಲ್ಲ, ನಿಜ. ಹಾಗೆಯೇ ಬರೆದೆ. ಆದರೆ ಅದನ್ನು ಓದಿದರೆ ಅಕ್ಕ ನಂಬಿಬಿಡುತ್ತಾರೆ. ನಂಬದೆ ಅವರಿಗೆ ಬೇರೆ ದಾರಿಯಿಲ್ಲ. ದೇವರ ಮುಂದೆ ಕೂತರೂ ಮನಸ್ಸು ನಿಲ್ಲಲಿಲ್ಲ. ಕೊನೆಗೆ ಅಳಿಸಿ, ಇದ್ದದ್ದನ್ನು ಇದ್ದಂತೆ ಬರೆದು, 'ಕ್ಯಾಮೆರಾ ಎಲ್ಲಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ' ಎಂದು ಸೇರಿಸಿ, ಅಕ್ಕನವರಿಗೇ ಕಳಿಸಿದೆ. ಈ ಗ್ರಂಥವೇ ಬೇಡವೆಂದರೆ ಆ ಮಾತಿಗೆ ನಾವು ಯೋಗ್ಯರೇ ಸರಿ ಎಂದುಕೊಂಡು ಕಾದೆ.

ಫೋನು ಬಂತು.

"ಓಹೋ, ಗೋಡೆ ಕಡೆಗಾ? ಗೋಡೆಗಾದ್ರೂ ಸಂತೋಷ ಆಗಿರತ್ತೆ ಬಿಡಪ್ಪ," ಎಂದರು. "ನನ್ನ ಮನೇಲಿ ಆ ಫೋಟೋ ಕಟ್ಟು ಹಾಕಿಸಿಟ್ಟಿದ್ದೀನಿ ಕಣೋ. ಬಂದೋರಿಗೆಲ್ಲ ತೋರಿಸ್ತೀನಿ. ಒಬ್ರೂ ಹೇಳ್ಲಿಲ್ಲ ನೋಡು."

ಬೇರೆ ಫೋಟೋ ತೆಗೆಸೋಣ ಅಕ್ಕಾ ಎಂದು ತೊದಲಿದೆ.

"ಬೇಡ. ಅದೇ ಇರ್ಲಿ, ನೀನು ಬರೆದಿದ್ದೂ ಹಾಗೇ ಇರ್ಲಿ. ದೋಷ ಎಲ್ಲಿತ್ತು ಅಂತ ಮುಂದೆ ಬರೋರಿಗೂ ತಿಳೀಬೇಕಲ್ಲ."

ಸಂಬಳದ ಕೆಲಸದಿಂದ ಅಕ್ಕ ಬಿಡುಗಡೆಯಾಗುತ್ತಿದ್ದಾರೆ. ಹೆಸರಿಲ್ಲದ ಗುಂಡಿಗಳು ಅವರನ್ನು ಇನ್ನೂ ಬಿಟ್ಟಿಲ್ಲ. ನಮ್ಮನ್ನು ತಿದ್ದುವ ಕೆಲಸವಂತೂ ಬೇಕಾದಷ್ಟು ಉಳಿದಿದೆ. ಅದು ಮುಗಿಯುವಷ್ಟು ದೀರ್ಘವಾದ ಆಯುಸ್ಸನ್ನು, ಬೇಸರವರಿಯದ ಆರೋಗ್ಯವನ್ನು ಭಗವಂತ ಅವರಿಗೆ ಕರುಣಿಸಲಿ. ಆ ಚಿತ್ರ ಎದುರು ಪುಟದಲ್ಲಿದೆ. ಓದುಗರು ದಯವಿಟ್ಟು ಅಕ್ಕನವರ ಸುತ್ತ ಕೂತಿರುವ ನಮ್ಮನ್ನೂ ನೋಡಬೇಕು. ಅಷ್ಟೂ ಜನ ಕಣ್ಣು ತೆರೆದುಕೊಂಡೇ ಕೂತಿದ್ದೇವೆ.