ಸಪ್ಪಳವಿಲ್ಲದ ಕಮಾನು

ತಾಂಬಾದ ಗೌಂಡಿ ಧೂಳಪ್ಪನ ಸುತ್ತಿಗೆ ಸದ್ದು ಮಾಡಿತೆಂದರೆ ಊರಲ್ಲಿ ಯಾರದೋ ಮನೆ ಏಳುತ್ತಿದೆ ಎಂದೇ ಲೆಕ್ಕ. ಕರಿಕಲ್ಲನ್ನು ಬೆಣ್ಣೆಯಂತೆ ಕೊಯ್ಯುವ ಕೈ ಅವನದು. ಬಾಯಿಯಂತೂ ಸುತ್ತಿಗೆಗಿಂತ ಜೋರು. ಎಪ್ಪತ್ತೈದನೇ ಇಸವಿಯಲ್ಲಿ ಇಂಡಿ ಪಟ್ಟಣದ ಪಾದ್ರಿ ದಾನಿಯೇಲಪ್ಪ ತಮ್ಮ ಸಣ್ಣ ಪ್ರಾರ್ಥನಾ ಮಂದಿರದ ಬಾಗಿಲಿಗೆ ಕಲ್ಲಿನ ಕಮಾನು ಬೇಕೆಂದು ಅವನನ್ನು ಕರೆಸಿದರು.

ಮಾತಿನ ನಡುವೆ ಪಾದ್ರಿಗಳು ಸೊಲೊಮೋನ ಅರಸನ ಸಂಗತಿ ತೆಗೆದರು. ಆ ಅರಸ ದೇವರಿಗೆ ಮನೆ ಕಟ್ಟಿಸಿದಾಗ ಕಲ್ಲನ್ನೆಲ್ಲ ಖಣಿಯಲ್ಲೇ ಕೆತ್ತಿ ತಂದರಂತೆ. ಕಟ್ಟುವ ಜಾಗದಲ್ಲಿ ಕಬ್ಬಿಣದ ಸದ್ದೇ ಏಳಲಿಲ್ಲವಂತೆ. ಅಳತೆಯೆಲ್ಲ ಮೊಳದ್ದಂತೆ.

ಧೂಳಪ್ಪ ನಕ್ಕುಬಿಟ್ಟ. “ಸಪ್ಪಳಿಲ್ಲದ ಕೆಲಸ ದೇವರಿಗರ ಹೆಂಗ ಗೊತ್ತಾಗಬೇಕ್ರಿ?”

ಪಾದ್ರಿಗಳು ಚಹಾ ಕೊಟ್ಟರು. ಆದರೆ ಲೋಟ ಖಾಲಿಯಾಗುವಷ್ಟರಲ್ಲಿ ಧೂಳಪ್ಪನ ನಗು ಇಂಗಿತ್ತು. ಅಷ್ಟು ದೊಡ್ಡ ಗುಡಿ, ಒಂದೂ ಏಟಿಲ್ಲದೆ! ಮೈ ಜುಮ್ಮೆಂದಿತು.

“ನಿಮ್ಮ ಕಮಾನೂ ಹಂಗ ಏಳತೈತ್ರಿ,” ಎಂದ. “ಇಲ್ಲಿ ನನ್ನ ಸುತ್ತಿಗಿ ಸಪ್ಪಳ ಕೇಳಿದ್ರ ಅವತ್ತಿಗೇ ಗೌಂಡಿಕಿ ಬಿಟ್ಟೆ!”

ಇಂಡಿಯಲ್ಲೇ ಇದ್ದ ಗೆಳೆಯ ಶಮಶುದ್ದೀನನಿಗೆ ಬಾಗಿಲ ಕಂಬ ಎಬ್ಬಿಸುವ ಕೆಲಸ ವಹಿಸಿ, “ನಡುವ ಮೂರು ಮೊಳ ಬಿಡಪಾ,” ಎಂದು ಹೇಳಿ ಧೂಳಪ್ಪ ತಾಂಬಾದ ಖಣಿಗೆ ಹೋದ. ಟೇಪು ಮನೆಯ ಗೂಟಕ್ಕೇ ನೇತಾಡಿತು. ದೇವರ ಅಳತೆ ಮೊಳವಾದ ಮೇಲೆ ಟೇಪಿನ ಹಂಗೇಕೆ? ಒಂದೊಂದು ಕಲ್ಲನ್ನೂ ಕೆತ್ತಿ, ನೆಲದ ಮೇಲೆಯೇ ಕಮಾನು ಜೋಡಿಸಿ ನೋಡಿದ. ಕೂದಲು ತೂರದಂತೆ ಕೂತಿತು. ಹುಲ್ಲಿನಲ್ಲಿ ಸುತ್ತಿ ಚಕ್ಕಡಿಗೆ ಹೇರಿದ.

ಕಟ್ಟುವ ದಿನ ಮಂದಿರದ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಕಟ್ಟಿಗೆಯ ಆಧಾರದ ಮೇಲೆ ಎರಡೂ ಕಡೆಯಿಂದ ಕಲ್ಲಿಗೆ ಕಲ್ಲು ಕೂಡುತ್ತ ಬಂತು. ಉಳಿದದ್ದು ನೆತ್ತಿಯ ಕಲ್ಲೊಂದೇ. ಅದು ಇಳಿಯಲಿಲ್ಲ! ಎರಡು ಬೆರಳಿನಷ್ಟು ದಪ್ಪವಾಗಿತ್ತು.

ಧೂಳಪ್ಪನ ಹಣೆ ಬೆವರಿತು. ಕಲ್ಲು ನೋಡಿದ, ಕಂಬ ನೋಡಿದ, ಕೊನೆಗೆ ಶಮಶುದ್ದೀನನ ಕೈ ನೋಡಿದ. ಧೂಳಪ್ಪ ಆರಡಿ ಆಳು, ಶಮಶುದ್ದೀನ ಗಿಡ್ಡ. ಕಂಬ ಅವನ ಮೊಳಕ್ಕೆ ಎದ್ದಿತ್ತು, ಕಮಾನು ಇವನ ಮೊಳಕ್ಕೆ. ಭಕ್ತಿ ಮಾಡಲು ಹೋಗಿ ಬುದ್ಧಿ ಗೂಟಕ್ಕೆ ಹಾಕಿ ಬಂದಿದ್ದ.

“ನಾಕು ಏಟು ಹಾಕಿಬಿಡೋ,” ಶಮಶುದ್ದೀನ ಪಿಸುಗುಟ್ಟಿದ. “ಪಾದ್ರಿಗಳೇನು ಬ್ಯಾಡ ಅಂತಾರೇನು?”

“ಆ ಸಂದಿಗಿ ನಿನ್ನ ಗೇಣು ಹಚ್ಚು,” ಎಂದ ಧೂಳಪ್ಪ. “ಎಲ್ಲಿಗೆ ಬಂತು, ಗುರ್ತು ಹಿಡಿ. ಇನ್ನ ಚಕ್ಕಡಿ ಹತ್ತು. ಆ ಕೈ ಖಣಿಗಿ ಬರಬೇಕು.”

ಕಲ್ಲು ಬಂದ ದಾರಿಯಲ್ಲೇ ತಾಂಬಾಕ್ಕೆ ಮರಳಿತು. ಖಣಿಯಲ್ಲಿ ಶಮಶುದ್ದೀನ ಕಲ್ಲಿನ ಮೇಲೆ ಗೇಣು ಚಾಚಿದ. ಹುಟ್ಟಿದಾರಭ್ಯ ಇನ್ನೊಬ್ಬರ ಅಳತೆ ನಂಬದ ಧೂಳಪ್ಪ ಆ ಬೆರಳಿನ ಗುರುತಿಗೆ ಉಳಿ ಇಟ್ಟ. ಇಬ್ಬರ ಕೈಗೂ ಬೇರೆ ಬೇರೆ ಅಳತೆ ಕೊಟ್ಟ ದೇವರು ಒಬ್ಬನೇ ಅಲ್ಲವೇ ಎನ್ನಿಸಿತು ಅವನಿಗೆ.

ಮರುದಿನ ಇಬ್ಬರೂ ಸೇರಿ ಕಲ್ಲನ್ನು ಮೇಲಿನಿಂದ ಮೆಲ್ಲಗೆ ಇಳಿಬಿಟ್ಟರು. ಅದು ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. ಆಧಾರ ತೆಗೆದರೂ ಕಮಾನು ಅಲುಗಲಿಲ್ಲ. ಧೂಳಪ್ಪನ ಕಣ್ಣು ತುಂಬಿ ಬಂದವು.

ಶಮಶುದ್ದೀನ ಏನೋ ಹೇಳಲು ಬಾಯಿ ತೆರೆದ.

“ಸುಮ್ಕಿರೋ,” ಎಂದ ಧೂಳಪ್ಪ, ಕೈ ಮುಗಿದುಕೊಂಡೇ. “ಅಂವ ಕೇಳಾಕತ್ತಾನ.”